ಯಮಗಂಡಕ್ಕೆ ಮೊದಲು ಜೀಪು

ಜೀಪಿಗೆ ಮೂವತ್ತು ವರ್ಷ, ಶ್ರೀಗೌರಿಗೆ ಐವತ್ತೊಂದು. ಇಬ್ಬರಲ್ಲಿ ಯಾರನ್ನು ಮುದಿ ಎಂದರೂ ಅವಳು ಸಂಸ್ಕೃತದಲ್ಲೇ ಬೈಯುವವಳು. ಹೈಸ್ಕೂಲಿನ ಸಂಸ್ಕೃತ ಟೀಚರಿಗೆ ಬೈಗುಳದ ಬರವೇನು? ವಾರವೆಲ್ಲ ಪಾಠ, ಮಡಿ, ಅಡಿಗೆ ಎಂದು ಸವೆದವಳು ಭಾನುವಾರ ಬಂತೆಂದರೆ ಸವಳಂಗ ರಸ್ತೆಯ ಮನೆಯಿಂದ ಜೀಪು ಹೊರಡಿಸಿ, ಹೊಳಲೂರಿನ ಕಡೆ ಹೊಳೆದಂಡೆಯ ಕಚ್ಚಾ ದಾರಿಗಿಳಿದು, ನಾಲ್ಕೂ ಚಕ್ರಕ್ಕೆ ಗೇರು ಹಾಕಿ ಕೆಸರು ಹಾರಿಸಿಕೊಂಡು ಬರುತ್ತಿದ್ದಳು. ಆ ಎರಡು ಗಂಟೆ ಅವಳು ಯಾರ ಟೀಚರೂ ಅಲ್ಲ, ಯಾರ ಸೊಸೆಯೂ ಅಲ್ಲ. ಮನೆಗೆ ಬಂದು ಸ್ಟೀರಿಂಗಿನ ಪಕ್ಕದ ಕಪ್ಪು ಗುಂಡಿಯನ್ನು ಹೊರಕ್ಕೆಳೆದು ಎಂಜಿನ್ ಆರಿಸುವಾಗ ಮಾತ್ರ ಬೇಜಾರು. ಹಳೆಯ ಡೀಸೆಲ್ ಗಾಡಿ ನೋಡಿ, ಕೀ ತಿರುಗಿಸಿದರೆ ನಿಲ್ಲುವ ಜಾತಿಯಲ್ಲ. ಗುಂಡಿ ಎಳೆದು ಡೀಸೆಲ್ ತಡೆದರೇ ನಿಲ್ಲುವುದು.

ಅಂಥ ಜೀಪನ್ನು ಗಂಡ ಜನಾರ್ದನ ಒಂದೇ ಒಂದು ಸಲ ಓಡಿಸಿದ. ಪೌರೋಹಿತ್ಯದ ಮನುಷ್ಯ, ಭದ್ರಾವತಿಯಲ್ಲೊಂದು ಗೃಹಪ್ರವೇಶವಿತ್ತು, ಅವನ ಸ್ಕೂಟರ್ ಪಂಚರಾಗಿತ್ತು. ಹೋದದ್ದು ಜೀಪಿನಲ್ಲಿ, ಬಂದದ್ದು ಬಸ್ಸಿನಲ್ಲಿ. ಎಂಜಿನ್ ಜಾಮ್ ಆಗಿತ್ತು.

"ವಯಸ್ಸಾಗಿತ್ತು ಮಾರಾಯ್ತಿ, ದಾರೀಲಿ ತಾನಾಗೇ ಪ್ರಾಣ ಬಿಡ್ತು" ಎಂದ. ಪಂಚಾಂಗ ಓದುವ ದನಿಯಲ್ಲಿ ಹೇಳಿದ್ದರಿಂದ ಅವಳು ಅರ್ಧ ನಂಬಿದಳು.

ಎಳೆಸಿ ತಂದ ಜೀಪು ಮೂರು ತಿಂಗಳು ಕಾಂಪೌಂಡಿನಲ್ಲಿ ನಿಂತಿತು. ಸೀಟಿನ ಮೇಲೆ ಬೆಕ್ಕು ಮರಿ ಹಾಕಿತು. ಕೊನೆಗೆ ಜನಾರ್ದನ ಅವಳನ್ನು ಕೇಳದೆ ಗುಜರಿ ವ್ಯಾಪಾರಿ ಷಣ್ಮುಖಪ್ಪನಿಗೆ ಮಾತು ಕೊಟ್ಟುಬಿಟ್ಟ. ಮನೆ ರಣರಂಗವಾಯಿತು, ಎರಡು ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಮೂರನೆಯ ದಿನ ರಾಜಿ. ಮುಂದಿನ ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಜೀಪು ಸ್ಟಾರ್ಟ್ ಆದರೆ ಗುಜರಿಯ ಮಾತನ್ನು ಇನ್ನು ಎತ್ತುವಂತಿಲ್ಲ. ಆಗದಿದ್ದರೆ ಜೀಪು ಷಣ್ಮುಖಪ್ಪನ ಪಾಲು.

ಶ್ರೀಗೌರಿ ತಡಮಾಡಲಿಲ್ಲ. ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಭದ್ರಾವತಿಯ ಕಾಗದನಗರಕ್ಕೆ ಎಳೆಸಿದಳು. ಅಲ್ಲಿ ಓಬಯ್ಯನಿದ್ದ. ಒಂದು ಕಾಲಕ್ಕೆ ಪೇಪರ್ ಮಿಲ್ಲಿನ ಫಿಟ್ಟರ್, ಈಗ ಮನೆ ಪಕ್ಕದ ಶೆಡ್ಡಿನಲ್ಲಿ ಗಾಡಿ ರಿಪೇರಿ. ಮರ ಬಿದ್ದು ಅಪ್ಪಚ್ಚಿಯಾದ ಇಂಥದೇ ಜೀಪೊಂದರ ಎಂಜಿನ್ನನ್ನು ಅವನು ಎಣ್ಣೆ ಹಚ್ಚಿ, ಗೋಣಿ ಹೊದಿಸಿ, ಬಾಣಂತಿಯ ಹಾಗೆ ಕಾಪಾಡಿಕೊಂಡಿದ್ದ.

ಸತ್ತ ಎಂಜಿನ್ನನ್ನು ಶನಿವಾರವೇ ಇಳಿಸಿಯಾಗಿತ್ತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊಸದು ಚೈನ್ ಪುಲ್ಲಿಯ ಕೊಕ್ಕೆಗೆ ಸಿಕ್ಕಿ ಮೇಲೇರಿತು, ತೂಗಾಡುತ್ತ ಜೀಪಿನ ಖಾಲಿ ಹೊಟ್ಟೆಯ ಮೇಲೆ ಬಂತು. ಇನ್ನಿದ್ದದ್ದೇ ಕಷ್ಟದ ಕೆಲಸ. ಗೇರ್ ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ತೂತಿಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಹೊಗಬೇಕು. ಹಳೆಯ ಚೂಡಿದಾರ ತೊಟ್ಟು ಟಾರ್ಚ್ ಹಿಡಿದು ಜೀಪಿನಡಿ ಮಲಗಿದ್ದ ಶ್ರೀಗೌರಿ ಕೂಗಿದಳು.

"ಇನ್ನೊಂಚೂರು ಎತ್ತಿ ಓಬಯ್ಯ... ಬಲಕ್ಕೆ... ಅಯ್ಯೋ, ನಿಮ್ಮ ಬಲ ಅಲ್ಲ, ನನ್ನ ಬಲ!"

"ಮಲಗಿರೋರ ಬಲ ಯಾವ್ದು ಅಂತ ನಿಂತಿರೋನಿಗೆ ಹೆಂಗೆ ಗೊತ್ತಾಗ್ಬೇಕು ಟೀಚರಮ್ಮ?"

"ಮನೆ ಕಡೆಗೆ ತಳ್ಳಿ! ಇನ್ನೂ... ಇನ್ನೂ..."

ಠಕ್ ಎಂದಿತು. ಎಂಜಿನ್ ಜಾರಿ ತನ್ನ ಜಾಗದಲ್ಲಿ ಕೂತಿತು. "ಕೂತ್ಕೊಂಡ್ತು! ಓಬಯ್ಯ, ಕೂತ್ಕೊಂಡ್ತು!" ಎಂದು ಅವಳು ಕಿರುಚಿದ್ದಕ್ಕೆ ಪಕ್ಕದ ಕ್ವಾರ್ಟರ್ಸಿನ ಕೋಳಿಗಳು ಚೆದುರಿದವು. ಮುಖಕ್ಕೆ ಮಸಿ, ಕಣ್ಣಲ್ಲಿ ನೀರು. ಮದುವೆಯ ದಿನವೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಅದನ್ನು ಹೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ನಟ್ಟು, ಪೈಪು, ವೈರು ಎಲ್ಲ ಮುಗಿಯುವಾಗ ಹನ್ನೊಂದು ದಾಟಿತ್ತು. ಆಗ ಸ್ಕೂಟರಿನಲ್ಲಿ ಬಂದಿಳಿದವನು ಜನಾರ್ದನ. ಕೈಚೀಲದಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಮೊಳದುದ್ದದ ಚೆಂಡುಹೂವಿನ ಹಾರ.

"ಹನ್ನೆರಡಕ್ಕೆ ಯಮಗಂಡ ಶುರು. ಅಷ್ಟರೊಳಗೆ ಪೂಜೆ ಆಗ್ಬೇಕು" ಎಂದ.

ಗುಜರಿಗೆ ಹಾಕಹೊರಟವನು ಪೂಜೆಗೆ ಬಂದದ್ದು ನೋಡಿ ಶ್ರೀಗೌರಿಗೆ ಸೋಜಿಗ. ಓಬಯ್ಯ ಮಾತ್ರ, "ಪೂಜೆ ಆಗ್ದೆ ನಾನೂ ಸೆಲ್ಫ್ ಹೊಡೆಯಲ್ಲ ಭಟ್ರೆ" ಎಂದು ಕೈ ಒರೆಸಿಕೊಂಡು ನಿಂತ. ಬಾನೆಟ್ಟಿಗೆ ಕುಂಕುಮವಾಯಿತು, ಚಕ್ರದಡಿ ನಿಂಬೆಹಣ್ಣು ಕೂತವು, ಜನಾರ್ದನ ಒಳಗೆ ಬಗ್ಗಿ ಹಾರ ಏರಿಸಿದ, ಕಾಯಿ ಒಡೆಯಿತು.

ಓಬಯ್ಯ ಕೀ ತಿರುಗಿಸಿದ. ಎಂಜಿನ್ ಕರಕರ ತಿರುಗಿತು, ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದರೂ ಇಲ್ಲ. ಗಾಳಿ ಸೇರಿರಬೇಕೆಂದು ಪೈಪು ಸಡಿಲಿಸಿ ಗುಳ್ಳೆ ಹೋಗುವ ತನಕ ಗಾಳಿ ತೆಗೆದ. ಮತ್ತೆ ಕರಕರ.

"ಪಂಪಿನ ತನಕ ಡೀಸೆಲ್ ಬರ್ತಾ ಐತೆ. ಪಂಪಿಂದ ಮುಂದಕ್ಕೆ ಒಂದು ತೊಟ್ಟೂ ಹೋಗ್ತಿಲ್ಲ" ಎಂದ ಓಬಯ್ಯನ ಮುಖ ಬಾಡಿತು. "ಪಂಪೇ ಹೋಯ್ತೋ ಏನೋ."

ಹನ್ನೆರಡಕ್ಕೆ ಹತ್ತು ನಿಮಿಷ. ಬೀದಿಯ ತುದಿಯಲ್ಲಿ ಲಾರಿಯ ಹಾರನ್ ಕೇಳಿತು. ಹನ್ನೆರಡಕ್ಕೆ ಶೆಡ್ಡಿಗೆ ಬಾ ಎಂದು ಜನಾರ್ದನ ಹೇಳಿದ್ದರೆ, ಷಣ್ಮುಖಪ್ಪ ಹೊತ್ತಿಗೂ ಮುಂಚೆ ಬಂದಿದ್ದ. ಯಮಗಂಡ ಲಾರಿ ಹತ್ತಿಯೇ ಬಂದಹಾಗಿತ್ತು.

"ಏನ್ ಭಟ್ರೆ, ಎತ್ತಿಸ್ಲಾ?" ಎಂದು ಕಿಟಕಿಯಿಂದಲೇ ಕೇಳಿದ.

ಶ್ರೀಗೌರಿ ಸ್ಟೀರಿಂಗಿನ ಮುಂದೆ ಹೋಗಿ ಕೂತಳು. ಕಳೆದುಕೊಳ್ಳುವುದೇ ಆದರೆ ಕೊನೆಯ ಸಲ ಕೂತು ಕಳೆದುಕೊಳ್ಳೋಣವೆನಿಸಿತು. ಮೊಣಕಾಲಿಗೆ ಏನೋ ತಣ್ಣಗೆ ತಾಗಿತು. ಚೆಂಡುಹೂವಿನ ಹಾರ. ಅದು ಯಾವುದಕ್ಕೆ ಜೋತಿದೆಯೆಂದು ಸರಿಸಿ ನೋಡಿದರೆ, ಕಪ್ಪು ಗುಂಡಿ ಬೆರಳುದ್ದ ಹೊರಗೆ ಬಂದಿತ್ತು!

"ಅಲ್ರೀ, ಇದನ್ನ ಎಳೆದವರು ಯಾರು?"

"ನಾನೇ. ಹಾರ ನಿಲ್ತಾ ಇರ್ಲಿಲ್ಲ. ಎಳೆದೆ, ಒಳ್ಳೆ ಗೂಟದ ಹಾಗೆ ಬಂತು" ಎಂದ ಜನಾರ್ದನ.

ಅವಳು ಹಾರ ಕಿತ್ತು ಅವನ ಕೈಗೆ ತುರುಕಿದಳು, ಗುಂಡಿಯನ್ನು ಒಳಕ್ಕೆ ಗುದ್ದಿದಳು, ಕೀ ತಿರುಗಿಸಿದಳು. ಸೋತುಹೋಗಿದ್ದ ಬ್ಯಾಟರಿ ಎರಡು ಸಲ ನರಳಿತು, ಮೂರನೆಯದಕ್ಕೆ ಎಂಜಿನ್ ಒಮ್ಮೆ ಕೆಮ್ಮಿ, ಶೆಡ್ಡು ತುಂಬ ಕಪ್ಪು ಹೊಗೆ ಬಿಟ್ಟು, ಗುಡುಗುಡು ಎಂದು ಹತ್ತಿಕೊಂಡಿತು. ಓಬಯ್ಯ ಸ್ಪ್ಯಾನರ್ ಹಿಡಿದೇ ಕುಣಿದ. ಶ್ರೀಗೌರಿ ಹಾರನ್ ಒತ್ತಿದ್ದು ಬಿಡಲೇ ಇಲ್ಲ.

ಆ ಗದ್ದಲದ ನಡುವೆಯೇ ಅವಳಿಗೊಂದು ಪ್ರಶ್ನೆ ಹೊಳೆಯಿತು. "ಅವತ್ತು ಇಲ್ಲಿ ತನಕ ಓಡಿಸ್ಕೊಂಡು ಬಂದ್ರಲ್ಲ, ಈ ಗುಂಡಿ ಗೊತ್ತಿಲ್ದೆ ಆರಿಸಿದ್ದು ಹೇಗೆ?"

ಜನಾರ್ದನ ಹಾರದ ಹೂ ಎಣಿಸುವವನಂತೆ ತಲೆ ತಗ್ಗಿಸಿದ.

"ಆರಿಸ್ಲಿಲ್ಲ ಗೌರಿ. ಊರು ಮುಟ್ಟೋ ಮುಂಚೇನೇ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಬಂತು, ರಸ್ತೆ ಪಕ್ಕ ನಿಲ್ಲಿಸಿ ಕೀ ತೆಗೆದೆ. ಎಂಜಿನ್ ಓಡ್ತಾನೇ ಇತ್ತು. ನಿಂಗೆ ಫೋನ್ ಮಾಡಿ ಕೇಳೋಕೆ ನಾಚಿಕೆ ಆಯ್ತು. ಕಾದು ಕಾದು ಅದಾಗೇ ಜಾಮ್ ಆಗಿ ನಿಲ್ಲೋ ತನಕ ನೋಡ್ತಾ ನಿಂತೆ."

ಒಂದು ಫೋನು. ಮೂರು ತಿಂಗಳ ಸಿಟ್ಟೆಲ್ಲ ಒಟ್ಟಿಗೆ ಅವಳ ನಾಲಿಗೆಯ ತುದಿಗೆ ಬಂತು. ಗಂಡನ ಮುಖ ನೋಡಿದಳು. ಪಾಠ ಒಪ್ಪಿಸಲಾರದೆ ಬೆಂಚಿನ ಮೇಲೆ ನಿಂತ ಎಂಟನೇ ಕ್ಲಾಸಿನ ಹುಡುಗನ ಮುಖ ಅದು. ಅಂಥವರನ್ನು ಅವಳು ಎಂದೂ ಬೈದವಳಲ್ಲ. ಪಕ್ಕದ ಸೀಟಿಗೆ ಸರಿದಳು.

"ಹತ್ತಿ. ಸ್ಟೀರಿಂಗ್ ಮುಂದೆ ಕೂರಿ."

"ಯಮಗಂಡ ಶುರುವಾಯ್ತಲ್ಲೇ."

"ಆಗ್ಲಿ. ಮೊದಲ ಪಾಠ ನಿಲ್ಲಿಸೋದು. ಎಳೀರಿ."

ಜನಾರ್ದನ ಗುಂಡಿ ಎಳೆದ. ಎಂಜಿನ್ ಉಸಿರೆಳೆದು ಆರಿತು. ಲಾರಿ ತಿರುಗಿಸುತ್ತಿದ್ದ ಷಣ್ಮುಖಪ್ಪ ಆಸೆಯಿಂದ ಮತ್ತೆ ಕಿಟಕಿಯಾಚೆ ತಲೆ ಹಾಕಿದ.

"ಹೋಗಿ ಷಣ್ಮುಖಪ್ಪ, ಪಾಠ ನಡೀತಿದೆ" ಎಂದಳು ಶ್ರೀಗೌರಿ. ಆಮೇಲೆ ಗಂಡನ ಕೈ ಹಿಡಿದು ಗುಂಡಿಯ ಮೇಲಿಟ್ಟಳು. "ಈಗ ಒಳಗೆ ತಳ್ಳಿ."