ಯೋಶಿ ಎನ್ನದ ಬಾಯಿ

ಮಿನಾಬೆ ಶಿಗೇಕೋಳ ಬಾಯಿ ಹಿಗಾಶಿ ಒಸಾಕಾದ ಆ ಓಣಿಗೆಲ್ಲ ಗೊತ್ತು. ಕುಲುಮೆ ಕಾರ್ಖಾನೆಯ ಬೆಳಗಿನ ಪಾಳಿಗೆ ಅವಳೇ ಮುಖ್ಯಸ್ಥೆ. ಅವಳು ಕೂಗಿದರೆ ಎದುರಿನ ಸ್ಕ್ರೂ ಕಾರ್ಖಾನೆಯವರೂ ಕೈಗೆಲಸ ಬಿಟ್ಟು ತಲೆಯೆತ್ತುತ್ತಿದ್ದರು. ಅಂಥ ಬಾಯಿ ಆ ದಿನ, ಕೂಗಲೇಬೇಕಾದ ಹೊತ್ತಿನಲ್ಲಿ, ಬಿಗಿದುಕೊಂಡು ಕೂತಿತು.

ಕೂಗುವುದು ಅಲ್ಲಿನ ಕಟ್ಟಳೆ. ಉಕ್ಕು ಕಪ್ಪಾಗದಂತೆ ಅಲ್ಲಿ ಅದನ್ನು ಜಲಜನಕದಲ್ಲಿ ಕಾಯಿಸುತ್ತಾರೆ. ಕುಲುಮೆಯ ಹಂಡೆಗೆ ಮಾಲು ತುಂಬಿ ಮುಚ್ಚಳ ಬಿಗಿದ ಮೇಲೆ, ಮೊದಲು ಸಾರಜನಕ ಹರಿಸಿ ಒಳಗಿನ ಗಾಳಿಯನ್ನೆಲ್ಲ ಹೊರಗಟ್ಟಬೇಕು. ಗಾಳಿಯಲ್ಲಿನ ಆಮ್ಲಜನಕ ಉಳಿದಿರುವಾಗಲೇ ಜಲಜನಕ ಬಿಟ್ಟು ಕಾಯಿಸಿದರೆ ಮುಚ್ಚಳ ಚಾವಣಿ ಸೀಳಿಕೊಂಡು ಹೋಗುತ್ತದೆ; ಪಕ್ಕದಲ್ಲಿ ನಿಂತವರ ಗತಿ ಕೇಳುವುದೇ ಬೇಡ. ಆದ್ದರಿಂದ ಜಲಜನಕದ ವಾಲ್ವು ತಿರುಗಿಸುವ ಮುನ್ನ ಪಾಳಿಯವರೆಲ್ಲ ಸಾಲಾಗಿ ನಿಂತು, ಆಮ್ಲಜನಕದ ಮಾಪಕದ ಕಡೆ ಬೆರಳು ಚಾಚಿ, ಒಬ್ಬೊಬ್ಬರಾಗಿ ‘ಯೋಶಿ!’ ಎನ್ನಬೇಕು. ಸರಿಯಿದೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದು ಅದರರ್ಥ. ಒಂದು ದನಿ ಕಡಿಮೆಯಾದರೂ ವಾಲ್ವು ಮುಟ್ಟುವಂತಿಲ್ಲ. ಕೂಗಿ ಕೂಗಿ ಆ ಪದ ಅವರ ನಾಲಿಗೆಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಬೆರಳು ಮಾಪಕದ ಕಡೆ ಹೋದರೆ ಕಣ್ಣು ಊಟದ ಗಂಟೆಯ ಕಡೆ ಹೋಗುತ್ತಿತ್ತು. ಸರಿಯಿಲ್ಲ ಎನ್ನುವುದಕ್ಕೆ ಮಾತ್ರ ಆ ಕಾರ್ಖಾನೆಯಲ್ಲಿ ಯಾರೂ ಒಂದು ಕೂಗು ಮಾಡಿಟ್ಟಿರಲಿಲ್ಲ.

ಆ ದಿನ ಮಾಲು ಕೊಳ್ಳುವ ಕಂಪನಿಯವರು ಬಂದು ಮಹಡಿಯ ಗಾಜಿನ ಕೋಣೆಯಲ್ಲಿ ಬಾರ್ಲಿ ಚಹಾ ಕುಡಿಯುತ್ತಿದ್ದರು. ಅವರ ಉಕ್ಕಿನ ಕೊಳವೆಗಳಿಗೆ ಒಂದು ಗೀರು ಬೀಳಬಾರದು, ಧೂಳು ಕೂರಬಾರದು ಎಂಬ ಹಟಕ್ಕೆ, ಅವನ್ನಿಟ್ಟು ಕಾಯಿಸುವ ತೆರೆದ ತಟ್ಟೆಗಳು ಹೋಗಿ ಮುಚ್ಚಳವಿರುವ ಹೊಸ ಪೆಟ್ಟಿಗೆಗಳು ಬಂದಿದ್ದವು. ಇವತ್ತೇ ಅವುಗಳ ಮೊದಲ ಸುತ್ತು. ಕಾರ್ಖಾನೆಯ ಯಜಮಾನ ಇಸೋಗಾಯಿ ಹೊಸ ಟೋಪಿ ಹಾಕಿಕೊಂಡು ಕೆಳಕ್ಕೂ ಮೇಲಕ್ಕೂ ಓಡಾಡುತ್ತಿದ್ದ.

ಎಂದಿನಷ್ಟೇ ಹೊತ್ತು ಸಾರಜನಕ ಹರಿಯಿತು. ಮಾಪಕದ ಮುಳ್ಳು ಕೆಂಪು ಗೆರೆಯ ಕೆಳಗೆ ಬಂದು ನಿಂತಿತು. ಹಿರಿಯ ಕೆಲಸಗಾರ ಕುವಬಾರಾ ಎಲ್ಲರಿಗಿಂತ ಮೊದಲು ಬೆರಳು ಚಾಚಿ ‘ಯೋಶಿ!’ ಎಂದ. ‘ಯೋಶಿ!’ ‘ಯೋಶಿ!’ ಎಂದು ಸಾಲು ಮುಂದುವರಿದು ಶಿಗೇಕೋಳ ಹತ್ತಿರ ಬಂದು ನಿಂತುಹೋಯಿತು.

ಅವಳು ಮಾಪಕ ನೋಡುತ್ತಿರಲಿಲ್ಲ, ಹಂಡೆ ನೋಡುತ್ತಿದ್ದಳು. ಬೆಳಿಗ್ಗೆ ಆ ಪೆಟ್ಟಿಗೆಗಳನ್ನು ಒಳಗಿಟ್ಟಾಗಿನಿಂದ ಏನೋ ಕೊರೆಯುತ್ತಿದ್ದದ್ದು ಈಗ ಸ್ಪಷ್ಟವಾಯಿತು. ಸಾರಜನಕ ಪೆಟ್ಟಿಗೆಗಳ ಹೊರಗೆ ಹರಿದು ಹೋಯಿತು, ಸರಿ. ಅವುಗಳ ಮುಚ್ಚಳದ ಕೆಳಗಿನ ಗಾಳಿ ಎಲ್ಲಿಗೆ ಹೋಯಿತು?

“ಏನ್ ಅಕ್ಕಾವ್ರೇ, ಬಾಯಿ ಮನೇಲೇ ಬಿಟ್ಟು ಬಂದ್ರಾ?” ಎಂದ ಕುವಬಾರಾ. ಅವಳಿಗಿಂತ ಎಷ್ಟೋ ದೊಡ್ಡವನು. ಅಕ್ಕಾವ್ರೇ ಎನ್ನುವುದು ಅವನ ಚೇಷ್ಟೆ.

“ನಾನ್ ಹೇಳಲ್ಲ.”

“ಮುಳ್ಳು ಕೆಳಗೇ ಇದೆಯಲ್ಲಮ್ಮ!”

“ಮುಳ್ಳು ಹೊರಗೆ ಬಂದ ಗಾಳೀನ ಹೇಳುತ್ತೆ. ಒಳಗೇ ಕೂತಿರೋದನ್ನ ಅದು ಹೇಗೆ ಹೇಳುತ್ತೆ?”

ಸಾಲು ಕದಲಿತು. ಇಸೋಗಾಯಿ ಮೆಟ್ಟಿಲಿಳಿದು ಬಂದ. ಅವನೂ ಒಂದು ಕಾಲಕ್ಕೆ ಇದೇ ಕುಲುಮೆಯ ಮುಂದೆ ಬೆವರು ಸುರಿಸಿದವನೇ. ಆದರೆ ಮಹಡಿಯಿಂದ ಅತಿಥಿಗಳು ಕೆಳಗೆ ಬಗ್ಗಿ ನೋಡುತ್ತಿರುವಾಗ ಯಾವ ಯಜಮಾನನಿಗೆ ತಾಳ್ಮೆ ಇರುತ್ತದೆ?

“ಮಿನಾಬೆ-ಸಾನ್, ಏನಿದು ನಾಟಕ? ಹೇಳು, ಮುಗಿಸು.”

“ಪೆಟ್ಟಿಗೆ ಒಳಗೆ ಗಾಳಿ ಇದೆ, ಇಸೋಗಾಯಿ-ಸಾನ್.”

“ನಿಂಗೆ ಕಾಣಿಸ್ತಾ?”

“ಇಲ್ಲ. ಕಾಣಿಸಿಲ್ಲ ಅಂತ್ಲೇ ಹೇಳ್ತಿಲ್ಲ. ಕಣ್ಣಾರೆ ನೋಡಿದೀನಿ ಅಂತ ತಾನೇ ಆ ಮಾತಿನ ಅರ್ಥ?”

ಅವನ ಮುಖ ಕೆಂಪಾಯಿತು. ದನಿ ತಗ್ಗಿಸಿ, ಅವಳಿಗಷ್ಟೇ ಕೇಳುವಂತೆ ಹೇಳಿದ: “ಇವತ್ತು ನನ್ನ ಮಾನ ತೆಗೆದ್ರೆ ನಾಳೆಯಿಂದ ನೀನು ಪ್ಯಾಕಿಂಗ್ ಕೋಣೆ. ಯೋಚನೆ ಮಾಡು.”

ಹೆಂಗಸರನ್ನೆಲ್ಲ ತುಂಬಿಡುವ ಆ ಕೋಣೆಯಿಂದಲೇ ಅವಳು ಬಂದಿದ್ದು. ಡಬ್ಬಿಗೆ ಚೀಟಿ ಅಂಟಿಸುತ್ತ, ಗೋಡೆಯಾಚೆ ಕುಲುಮೆ ಮೊರೆಯುವುದನ್ನು ಕೇಳುತ್ತ, ನನ್ನನ್ನು ಅಲ್ಲಿಗೆ ಹಾಕಿ ಎಂದು ಸಿಕ್ಕವರನ್ನೆಲ್ಲ ಪೀಡಿಸಿ ಗಿಟ್ಟಿಸಿದ ಜಾಗ ಇದು. ಇದನ್ನು ಬಿಟ್ಟರೆ ಅವಳಿಗೆ ಪ್ರೀತಿಯ ಕೆಲಸ ಇನ್ನೊಂದಿರಲಿಲ್ಲ. ಒಂದೇ ಒಂದು ಪದ, ಎಲ್ಲರೂ ಹೇಳಿದ್ದೇ, ಹೇಳಿಬಿಟ್ಟರೆ ಉಳಿದುಕೊಳ್ಳುತ್ತದೆ. ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಹಾಕಿ,” ಎಂದಳು, ಮಹಡಿಗೂ ಕೇಳುವಂತೆ. “ಆದ್ರೆ ನಾಳೆ ಹಾಕಿ. ಇವತ್ತು ಈ ಸಾಲಲ್ಲಿ ನಾನಿದೀನಿ, ನಾನು ಹೇಳೋ ತನಕ ವಾಲ್ವು ಯಾರೂ ಮುಟ್ಟಂಗಿಲ್ಲ. ಕಟ್ಟಳೆ ನಂದಲ್ಲ, ನಿಮ್ಮದೇ.”

ಇಸೋಗಾಯಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

“ಮತ್ತೇನ್ ಮಾಡ್ಬೇಕಂತೀಯ? ಸಂಜೆ ತನಕ ಗ್ಯಾಸ್ ಹರಿಸ್ತಾ ಕೂರಣ್ವಾ?”

“ಸಂಜೆ ತನಕ ಹರಿಸಿದ್ರೂ ಅಷ್ಟೇ. ಬಾಟಲಿ ತೊಳೆಯೋವಾಗ ಹೊರಗಿಂದ ನೀರು ಸುರೀತಾ ಕೂರ್ತೀರಾ? ತುಂಬಿ ಚೆಲ್ಲಬೇಕು, ತಿರುಗಾ ತುಂಬಿ ಚೆಲ್ಲಬೇಕು. ಹೊರಹೋಗೋ ಕೊಳವೆ ಮುಚ್ಚಿ, ಒಳಗೆ ಸಾರಜನಕ ಒತ್ತಿ, ಆಮೇಲೆ ಬಿಡಿ. ಮುಚ್ಚಳದ ಸಂದೀಲಿ ಪೆಟ್ಟಿಗೆ ಉಸಿರು ಎಳ್ಕೊಂಡು ಉಸಿರು ಬಿಡುತ್ತೆ. ಗ್ಯಾಸೂ ಕಮ್ಮಿ ಸಾಕು.”

“ಪೆಟ್ಟಿಗೆ ಉಸಿರಾಡುತ್ತಂತೆ!” ಕುವಬಾರಾ ನಕ್ಕ. ಜೊತೆಗೆ ಯಾರೂ ನಗದಿದ್ದುದನ್ನು ನೋಡಿ ಕೆಮ್ಮಿದ.

“ಒಂದೇ ಸಲ,” ಎಂದ ಇಸೋಗಾಯಿ. “ಮುಳ್ಳು ಅಲ್ಲೇ ಇದ್ರೆ ನೀನು ಕೂಗ್ಬೇಕು.”

ಕೊಳವೆ ಮುಚ್ಚಿದರು. ಹಂಡೆಯೊಳಗೆ ಒತ್ತಡ ಏರಿತು. ಈಗ ಶಿಗೇಕೋ ಮಾಪಕವನ್ನೇ ದಿಟ್ಟಿಸುತ್ತಿದ್ದಳು. ತನ್ನ ಲೆಕ್ಕ ತಪ್ಪಿದ್ದರೆ? ತಪ್ಪಿದ್ದರೆ ತಪ್ಪಲಿ, ಆಗ ಗಂಟಲು ಹರಿಯುವಂತೆ ಕೂಗಿ ಪ್ಯಾಕಿಂಗ್ ಕೋಣೆಗೆ ನಡೆದರಾಯಿತು ಎಂದುಕೊಂಡಳು. ಕೊಳವೆ ತೆರೆದರು. ಅನಿಲ ಬುಸ್ಸೆಂದು ಹೊರಟಿತು.

ಮುಳ್ಳು ಮೇಲೆದ್ದಿತು. ಕೆಂಪು ಗೆರೆ ದಾಟಿ ಇನ್ನೂ ಮೇಲಕ್ಕೆ ಹೋಯಿತು.

ಕುವಬಾರಾನ ಚಾಚಿದ ಬೆರಳು ಮೆಲ್ಲಗೆ ಕೆಳಗಿಳಿಯಿತು. ವಾಲ್ವಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನು ಅವನೇ. ಇಸೋಗಾಯಿ ಇನ್ನೊಮ್ಮೆ ತುಂಬಿ ಎಂದು ಕೈ ಸನ್ನೆ ಮಾಡಿದ. ತುಂಬಿದರು, ಬಿಟ್ಟರು, ಮತ್ತೆ ತುಂಬಿದರು. ಪ್ರತಿ ಸಲವೂ ಮುಳ್ಳು ಹಿಂದಿನದಕ್ಕಿಂತ ಕಡಿಮೆ ಏರಿತು. ಕೊನೆಗೆ ಬಿಟ್ಟಾಗಲೂ ಕೆಂಪು ಗೆರೆಯ ಕೆಳಗೇ ಅಲ್ಲಾಡದೆ ನಿಂತಿತು. ಆಗ ಶಿಗೇಕೋ ಬೆರಳು ಚಾಚಿ ಕೂಗಿದ ‘ಯೋಶಿ!’ಗೆ ಸ್ಕ್ರೂ ಕಾರ್ಖಾನೆಯಲ್ಲಿ ಯಾರದೋ ಕೈಯಿಂದ ಸ್ಪ್ಯಾನರ್ ಬಿತ್ತಂತೆ.

ಅತಿಥಿಗಳು ಕೆಳಗೆ ಬಂದರು. ಇಸೋಗಾಯಿ ನಡು ಬಗ್ಗಿಸಿ, “ತಡ ಆಯ್ತು, ಕ್ಷಮಿಸ್ಬೇಕು. ಯಂತ್ರದಲ್ಲಿ ಸಣ್ಣ ತೊಂದರೆ,” ಎಂದ. ಹಿಂದೆ ಇಡೀ ಪಾಳಿ ಬಗ್ಗಿತು. ಬಗ್ಗಿದ ಬೆನ್ನುಗಳ ನಡುವೆ ಶಿಗೇಕೋ ಒಬ್ಬಳು ನೆಟ್ಟಗೆ ನಿಂತಿದ್ದಳು.

“ಯಂತ್ರಕ್ಕೆ ಏನೂ ಆಗಿರ್ಲಿಲ್ಲ,” ಎಂದಳು ಅತಿಥಿಗಳಿಗೆ. “ಪೆಟ್ಟಿಗೆಗೆ ಮುಚ್ಚಳ ಹಾಕಿಸಿದ್ದು ನೀವು. ಒಳಗೆ ನೋಡ್ದೆ ಯೋಶಿ ಅಂದಿದ್ದು ನಾವು.”

ಇಸೋಗಾಯಿಯ ಬಗ್ಗಿದ ಕತ್ತು ಕಿವಿಯವರೆಗೂ ಕೆಂಪಾಯಿತು. ಅವನು ತಲೆಯೆತ್ತಲೇ ಇಲ್ಲ. ಅತಿಥಿಗಳಲ್ಲಿ ಹಿರಿಯವನು ಹಂಡೆಯನ್ನೂ ಅವಳನ್ನೂ ನೋಡಿ, ತಾನೂ ಸ್ವಲ್ಪ ತಲೆ ಬಗ್ಗಿಸಿ ಹೊರಟುಹೋದ.

ಮರುದಿನ ಬೆಳಿಗ್ಗೆ ಅವಳು ತನ್ನ ಕೈಗವಸು, ಚಹಾದ ಲೋಟ ಚೀಲಕ್ಕೆ ತುಂಬಿಕೊಂಡು ಯಜಮಾನನ ಮುಂದೆ ನಿಂತಳು. “ಪ್ಯಾಕಿಂಗ್ ಕೋಣೆಗೆ ಹೋಗ್ಲಾ?”

“ಹೋಗಿ ಅಲ್ಲಿರೋರ್ನ ಕಿವುಡು ಮಾಡ್ತೀಯಾ?” ಎಂದ ಇಸೋಗಾಯಿ, ಅವಳ ಮುಖ ನೋಡದೆ. “ಹೋಗು, ಹೊತ್ತಾಯ್ತು. ಸಾಲಲ್ಲಿ ನಿಂತ್ಕೋ.”

ಹಂಡೆ ತುಂಬಿತ್ತು, ಮುಚ್ಚಳ ಬಿಗಿದಿತ್ತು, ಪೆಟ್ಟಿಗೆಗಳು ಉಸಿರಾಡಿ ಮುಗಿಸಿದ್ದವು. ಮುಳ್ಳು ಕೆಳಗೆ ಬಂತು. ಈ ಸಲ ಶಿಗೇಕೋಳೇ ಮೊದಲು ಬೆರಳು ಚಾಚಿ ‘ಯೋಶಿ!’ ಎಂದಳು. ಮುಂದಿನ ಸರದಿ ಕುವಬಾರಾನದು. ಅವನು ಬೆರಳೆತ್ತಿದವನು ಹಾಗೇ ತಡೆದ. ಜೇಬು ತಡಕಿ ಕನ್ನಡಕ ತೆಗೆದು ಮೂಗಿಗೇರಿಸಿದ.

“ತಡೀರಿ ಅಕ್ಕಾವ್ರೇ,” ಎಂದ. “ನಾನಿನ್ನೂ ನೋಡಿಲ್ಲ.”