ಎಲೆ ಮಗುಚುವ ಮೇಡಂ

ಎದುರಿಗೆ ಗಿಡವೊಂದಿದ್ದರೆ ಅದರ ಎಲೆಯನ್ನು ಮಗುಚಿ ಬೆನ್ನು ನೋಡದೆ ಮುಂದೆ ಹೆಜ್ಜೆಯಿಡುವುದು ನಮ್ಮ ಮೇಡಂ ಅವರಿಂದ ಆಗುತ್ತಿರಲಿಲ್ಲ. ತೋಟದಲ್ಲಾದರೆ ಸರಿ, ಅದು ಅವರ ಕಸುಬು. ಆದರೆ ಆಸ್ಪತ್ರೆಯ ಮೊಗಸಾಲೆಯ ಕುಂಡದಲ್ಲಿದ್ದ ಬಡಪಾಯಿ ಗಿಡ, ಬ್ಯಾಂಕಿನ ಕಿಟಕಿಗೆ ಹಬ್ಬಿದ ಬಳ್ಳಿ, ಸಭೆಯ ವೇದಿಕೆಗೆ ಕಟ್ಟಿದ ಸೊಪ್ಪು, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಒಮ್ಮೆ ಯಾರದೋ ಮನೆಯ ಹಜಾರದಲ್ಲಿ ಪ್ಲಾಸ್ಟಿಕ್ ಗಿಡದ ಎಲೆಯನ್ನೂ ಮಗುಚಿ ನೋಡಿ, "ಇದಕ್ಕೇನೂ ರೋಗ ಬರಲ್ಲ ಬಿಡಿ" ಎಂದು ಗಂಭೀರವಾಗಿ ಹೇಳಿ ಕುಳಿತುಕೊಂಡರು. ಕಾಫಿ ಗಿಡದ ತುಕ್ಕು ರೋಗ ಎಲೆಯ ಬೆನ್ನಿನಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣಿಸಿಕೊಳ್ಳುತ್ತದೆ, ಮುಂಭಾಗದಲ್ಲಿ ಹಳದಿ ಮಚ್ಚೆ ಎದ್ದು ಕಾಣುವ ಹೊತ್ತಿಗೆ ಹಿಂದೆ ಅದರ ಸಂಸಾರ ಬೆಳೆದು ನಿಂತಿರುತ್ತದೆ ಎಂಬುದು ಆಮೇಲೆ ನನಗೆ ತಿಳಿಯಿತು. ಮೂವತ್ತು ವರ್ಷ ಆ ಪುಡಿಯನ್ನು ಹುಡುಕಿದ ಬೆರಳುಗಳಿಗೆ ಬೇರೆ ಅಭ್ಯಾಸವೇ ಉಳಿದಿರಲಿಲ್ಲ.

ಏಳು ದೇಶಗಳ ಏಳು ವಿಶ್ವವಿದ್ಯಾಲಯಗಳು ಕೂಡಿ, ತುಕ್ಕಿಗೆ ಜಗ್ಗದ, ರುಚಿಯಲ್ಲೂ ಮೋಸ ಮಾಡದ ಕಾಫಿ ತಳಿಯೊಂದನ್ನು ಸೃಷ್ಟಿಸಲು ಹೊರಟಿದ್ದ ಸಂಶೋಧನಾ ಯೋಜನೆಗೆ ಅವರು ಸಂಯೋಜಕಿ. ನಾನು ಅದರ ವರದಿಗಳ ಭಾಷೆ ತಿದ್ದಲು ಮೂರು ತಿಂಗಳಿಗೆಂದು ಬಂದು ಒಂಬತ್ತು ವರ್ಷ ತಳವೂರಿದವನು. ಸಾಹಿತ್ಯ ಓದಿದ ನನಗೂ ಕಾಫಿಗೂ ಇದ್ದ ನಂಟು ಲೋಟದ ತಳದಲ್ಲಿ ಮುಗಿದುಹೋಗುತ್ತಿತ್ತು. ಮೊದಲ ದಿನ ನಾನು ತಿದ್ದಿಕೊಟ್ಟ ವರದಿಯಲ್ಲಿ 'ಅತ್ಯದ್ಭುತ ಫಲಿತಾಂಶ' ಎಂದಿದ್ದುದನ್ನು ಅವರು ಹೊಡೆದುಹಾಕಿ 'ಫಲಿತಾಂಶ' ಎಂದಷ್ಟೇ ಉಳಿಸಿದರು. ನನಗೆ ಮುಖಭಂಗವಾದದ್ದು ನಿಜ. ಒಂಬತ್ತು ವರ್ಷಗಳಲ್ಲಿ ನಾನು ಕಲಿತ ಭಾಷಾಶಾಸ್ತ್ರವೆಲ್ಲ ಹೆಚ್ಚುಕಡಿಮೆ ಆ ಒಂದು ಗೀಟಿನಲ್ಲೇ ಇತ್ತು.

ಕುಳ್ಳಗಿನ ಆಕೃತಿ, ಬಿರುಸಾದ ನಡಿಗೆ. ಹತ್ತು ಹೆಜ್ಜೆ ಓಡುವಂತೆ ನಡೆದು ಹನ್ನೊಂದನೆಯದಕ್ಕೆ ಗಕ್ಕನೆ ನಿಲ್ಲುತ್ತಿದ್ದುದರಿಂದ ಹಿಂದೆ ಬರುತ್ತಿದ್ದವರು ಅವರಿಗೆ ಡಿಕ್ಕಿ ಹೊಡೆಯುವುದು ನಮ್ಮ ವಿಭಾಗದಲ್ಲಿ ದಿನನಿತ್ಯದ ಸಂಗತಿಯಾಗಿತ್ತು. ಒಂದು ಕಾಲದಲ್ಲಿ ಬಿಳಿಯದಾಗಿದ್ದಿರಬಹುದಾದ ಅವರ ಕೋಟಿಗೆ, ಅವರ ಮನೆಯಲ್ಲೇ ಜೊತೆಗಿದ್ದ ತಂಗಿ, ಹೊಲಿಗೆ ಕೆಲಸದವರು, ಒಂಬತ್ತು ಜೇಬು ಹೊಲಿದುಕೊಟ್ಟಿದ್ದರು. ಗಿಡಗಳಿಗೆ ಕಟ್ಟುವ ಅಲ್ಯೂಮಿನಿಯಂ ಚೀಟಿಗಳಿಗೊಂದು, ಚಿಮಟಕ್ಕೊಂದು, ಪರಾಗ ತುಂಬಿದ ಗಾಜಿನ ನಳಿಕೆಗೊಂದು, ಪೆಪ್ಪರಮಿಂಟಿಗೆ ಎರಡು. ಅವರು ನಡೆದರೆ ಚೀಟಿಗಳು ಝಣಝಣ ಅನ್ನುತ್ತಿದ್ದವು, ಆ ಸದ್ದು ಕೇಳಿಸಿದ್ದೇ ಹರಟೆಯಲ್ಲಿದ್ದ ನಾವೆಲ್ಲ ನಮ್ಮನಮ್ಮ ಕಡತಗಳಲ್ಲಿ ತಲೆ ಹುದುಗಿಸುತ್ತಿದ್ದೆವು.

ಯಾರು ಏನು ಹೇಳಿದರೂ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಯಾರು ನೋಡಿದ್ದು?" ತೋಟದಲ್ಲಿ ಹೂ ಬಂದಿದೆಯಂತೆ ಎಂದರೆ ಯಾರು ನೋಡಿದ್ದು, ಕುಲಪತಿಗಳು ಸಿಟ್ಟಾಗಿದ್ದಾರಂತೆ ಎಂದರೆ ಯಾರು ನೋಡಿದ್ದು. ಒಂದು ಭಾನುವಾರ ಅವರ ಮನೆಯಲ್ಲಿ ನಾನು ಕುಳಿತಿದ್ದಾಗ ತಂಗಿ ಒಳಗಿನಿಂದ, "ಅಕ್ಕಾ, ಹಾಲು ಉಕ್ಕಿಹೋಯ್ತು" ಎಂದು ಕೂಗಿದರು. ಇವರು ಕಾಗದದಿಂದ ಕಣ್ಣೆತ್ತದೆ, "ಯಾರು ನೋಡಿದ್ದು?" ಎಂದರು. "ಒಲೆ ನೋಡ್ತು! ಈಗ ನೀನೇ ಬಂದು ಅದನ್ನ ಒರೆಸು" ಎಂದು ಉತ್ತರ ಬಂತು. ಮೇಡಂ ಎದ್ದು ಹೋಗಿ ಒರೆಸಿ ಬಂದರು.

ಏಳು ದೇಶಗಳನ್ನು ಒಂದು ನೊಗಕ್ಕೆ ಕಟ್ಟುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಮೊದಲ ಮೂರು ವರ್ಷದ ಇಳುವರಿಯ ಅಂಕಿಗಳು ಒಂದಕ್ಕೊಂದು ತಾಳೆಯಾಗದೆ ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿದ್ದಾಗ, ತೊಡಕು ತಕ್ಕಡಿಯಲ್ಲಿಲ್ಲ, ಕಣ್ಣಲ್ಲಿದೆ ಎಂದು ಕಂಡುಹಿಡಿದವರು ಇವರು. 'ಹಣ್ಣಾದಾಗ ಕೊಯ್ಯಿರಿ' ಎಂದು ಸೂಚನೆಯಲ್ಲಿ ಬರೆದಿತ್ತು. ಯಾವ ಕೆಂಪಿಗೆ ಹಣ್ಣು ಎನ್ನಬೇಕೆಂದು ಬರೆದಿರಲಿಲ್ಲ. ಒಬ್ಬರು ನಸುಗೆಂಪಿಗೇ ಕೊಯ್ಯುತ್ತಿದ್ದರು, ಇನ್ನೊಬ್ಬರು ಕಪ್ಪಿಡುವವರೆಗೂ ಕಾಯುತ್ತಿದ್ದರು. ಮೇಡಂ ತಂಗಿಯ ಜೊತೆ ಬಟ್ಟೆ ಅಂಗಡಿಗಳನ್ನೆಲ್ಲ ಜಾಲಾಡಿ, ಕೈಯಲ್ಲಿ ಹಣ್ಣು ಹಿಡಿದುಕೊಂಡೇ ತಾನುಗಳ ಪಕ್ಕ ಇಟ್ಟು ನೋಡಿ, ಕಡೆಗೊಂದು ಕೆಂಪು ಹತ್ತಿಬಟ್ಟೆ ಆರಿಸಿದರು. ಅಂಗಡಿಯವ, "ರವಿಕೆಗಾ ಅಮ್ಮಾ?" ಎಂದು ಕೇಳಿದ್ದಕ್ಕೆ, "ಏಳು ಯೂನಿವರ್ಸಿಟಿಗೆ" ಎಂದರಂತೆ. ಅಂಗೈಯಗಲದ ಏಳು ತುಂಡುಗಳು ಏಳು ದೇಶಗಳಿಗೆ ಹೋದವು, ಜೊತೆಗೊಂದು ಸಾಲು: 'ಹಣ್ಣು ಎಂದರೆ ಇದು.' ಬಿಸಿಲಿಗೆ ಬಟ್ಟೆ ಬಣ್ಣಗೆಡುತ್ತದೆಂದು ಉಳಿದ ತಾನನ್ನು ಕತ್ತಲೆಯ ಕಪಾಟಿನಲ್ಲಿಟ್ಟು ಪ್ರತಿವರ್ಷ ಹೊಸ ತುಂಡು ಕತ್ತರಿಸಿ ಕಳಿಸುತ್ತಿದ್ದರು. ಸುಂಕದ ಕಚೇರಿಯೊಂದು ಈ ಲಕೋಟೆಯನ್ನು ಎರಡು ತಿಂಗಳು ತಡೆಹಿಡಿದು ವಿವರಣೆ ಕೇಳಿದ್ದೂ, ಆ ವಿವರಣೆಯನ್ನು ನಾನು ನಾಲ್ಕು ಪುಟ ಬರೆದದ್ದೂ, ಮೇಡಂ ಅದನ್ನು ಎರಡು ಸಾಲಿಗೆ ಇಳಿಸಿದ್ದೂ ಬೇರೆಯೇ ಪುರಾಣ.

ಅವರಿಗೆ ಚಿಮಟ ಹಿಡಿಯಲು ಕಲಿಸಿದವರು ತೋಟದ ಮೇಸ್ತ್ರಿ. ಮೇಡಂ ವಿದ್ಯಾರ್ಥಿನಿಯಾಗಿ ಆ ತೋಟಕ್ಕೆ ಬಂದಾಗ ಮೇಸ್ತ್ರಿ ಅಲ್ಲಿ ಹತ್ತು ವರ್ಷದ ಹಳಬರು. ಎರಡು ತಳಿಗಳನ್ನು ಕೂಡಿಸುವ ಕೆಲಸದ ಸೂಕ್ಷ್ಮವೆಲ್ಲ ಒಂದು ದಿನದ ಲೆಕ್ಕಾಚಾರದಲ್ಲಿದೆ. ಕಾಫಿಯ ಹೂ ಅರಳುವ ಮುನ್ನಾದಿನ, ಮೊಗ್ಗು ಬಾಯಿ ಬಿಡುವುದಕ್ಕೆ ಮೊದಲೇ, ಚಿಮಟದಿಂದ ಅದರೊಳಗಿನ ಕೇಸರಗಳನ್ನು ಕಿತ್ತು ಚೀಲ ಕಟ್ಟಬೇಕು. ಮರುದಿನ ಚೀಲ ಬಿಚ್ಚಿ ಬೇರೆ ತಳಿಯ ಪರಾಗ ಸೋಕಿಸಬೇಕು. ಮೊಗ್ಗು ಕೂದಲೆಳೆಯಷ್ಟು ಬಿರಿದಿದ್ದರೂ ಮುಗಿಯಿತು, ಹೂವಿನದೇ ಪರಾಗ ಅದರ ಮೇಲೆ ಬಿದ್ದಾಗಿರುತ್ತದೆ. ಆಮೇಲೆ ನೀವು ಏನು ಸೋಕಿಸಿದರೂ ಹುಟ್ಟುವುದು ತಾಯಿಯ ಪಡಿಯಚ್ಚು. ಮೇಸ್ತ್ರಿಯ ಬೆರಳುಗಳಿಗೆ ಈ ವಿದ್ಯೆ ಎಷ್ಟು ಕರಗತವಾಗಿತ್ತೆಂದರೆ, ಹೊರದೇಶದಿಂದ ಬಂದ ಪ್ರೊಫೆಸರುಗಳು ಅವರ ಪಕ್ಕ ಮೊಣಕಾಲೂರಿ ಕುಳಿತು ನೋಡುತ್ತಿದ್ದರು. ಅವರು ಗದರಿದರೆ ಮೇಡಂ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಮೇಡಂ ಮೇಸ್ತ್ರಿಯನ್ನು ಗದರಿದ್ದನ್ನು ಮಾತ್ರ ನಾನು ಯಾವತ್ತೂ ಕಾಣಲಿಲ್ಲ.

ಯೋಜನೆಯ ನೂರಾರು ಸಂಕರಗಳಲ್ಲಿ ಕಡೆಗೆ ಗೆದ್ದು ನಿಂತದ್ದು ನಲವತ್ತೊಂದನೆಯ ಸಂಖ್ಯೆಯದು. ಹನ್ನೆರಡು ವರ್ಷದ ಹಿಂದೆ ಮೇಸ್ತ್ರಿಯ ಕೈಯಿಂದಲೇ ಆದ ಜೋಡಣೆ ಅದು. ತಾಯಿ, ರುಚಿಗೆ ಹೆಸರಾದ, ತುಕ್ಕಿಗೆ ತವರಾದ ಹಳೆಯ ತಳಿ. ತಂದೆ, ರುಚಿಯಲ್ಲಿ ಸಪ್ಪೆಯಾದರೂ ರೋಗವನ್ನು ಹತ್ತಿರ ಬಿಟ್ಟುಕೊಳ್ಳದ ಗಟ್ಟಿಗ. ಹೊಸ ಜಾಗದಲ್ಲಿ ಹೊಸದಾಗಿ ಮಾಡಿದ ಏಳು ತೋಟಗಳಲ್ಲೂ ನಲವತ್ತೊಂದು ಮೈತುಂಬ ಹಣ್ಣು ಬಿಟ್ಟಿತು, ಎಲೆಗಳು ಹಸನಾಗಿದ್ದವು. ಬೆಳೆಗಾರರಿಗೆ ಬೀಜ ಬಿಡುಗಡೆ ಮಾಡುವ ದಿನ ಗೊತ್ತಾಯಿತು. ಏಳು ದೇಶಗಳ ತಂಡಗಳ ಮುಖ್ಯಸ್ಥರಲ್ಲಿ ಅತಿ ಎತ್ತರದವರಾದ್ದರಿಂದ ನಾವು ಉದ್ದ ಪ್ರೊಫೆಸರ್ ಎನ್ನುತ್ತಿದ್ದವರು ತಳಿಗೆ ಮೇಡಂ ಹೆಸರನ್ನೇ ಇಡಬೇಕೆಂದು ಸೂಚಿಸಿದ್ದರು, ಉಳಿದವರೆಲ್ಲ ಒಪ್ಪಿದ್ದರು. ಮೇಡಂ ನಿವೃತ್ತಿಗೆ ಉಳಿದದ್ದು ನಾಲ್ಕು ತಿಂಗಳು. ಇಷ್ಟು ಅಚ್ಚುಕಟ್ಟಾಗಿ ಮುಗಿಯುವ ಉದ್ಯೋಗಪರ್ವ ಎಷ್ಟು ಜನರಿಗೆ ಸಿಕ್ಕೀತು ಎಂದು ನಾನೇ ಬೀಳ್ಕೊಡುಗೆಯ ಭಾಷಣ ಬರೆಯಲು ಕುಳಿತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ತೋಟದಲ್ಲಿ ಮೇಡಂ ಗಕ್ಕನೆ ನಿಂತರು, ನಾನು ವಾಡಿಕೆಯಂತೆ ಡಿಕ್ಕಿ ಹೊಡೆದೆ. ಅವರ ಬೆರಳುಗಳ ನಡುವೆ ನಲವತ್ತೊಂದರ ಒಂದು ಎಲೆ ಬೆನ್ನು ಮೇಲಾಗಿತ್ತು. ಅದರಲ್ಲಿ ಸೂಜಿಮೊನೆಯಷ್ಟು ಮೂರು ಕಿತ್ತಳೆ ಚುಕ್ಕೆ. "ಧೂಳಿರಬಹುದು ಮೇಡಂ" ಎಂದೆ. ಅವರು ಬೆರಳಿನಿಂದ ಉಜ್ಜಿ ನನಗೆ ತೋರಿಸಿದರು. ಯಾರೂ ಕೇಳದಿದ್ದ ಪರೀಕ್ಷೆಯೊಂದಕ್ಕೆ, ತಂದೆ ತಾಯಿಯ ಗುರುತು ಹಿಡಿಯುವ ಪರೀಕ್ಷೆಗೆ, ಆ ಗಿಡಗಳ ಎಲೆಗಳನ್ನು ಅವತ್ತೇ ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಿದರು. ಮೂರು ವಾರಕ್ಕೆ ಉತ್ತರ ಬಂತು. ನಲವತ್ತೊಂದರಲ್ಲಿ ತಂದೆಯ ಸುಳಿವೇ ಇಲ್ಲ. ಅದು ಸಂಕರವೇ ಅಲ್ಲ, ಹಳೆಯ ತಾಯಿಯೇ. ಹೊಸ ತೋಟಗಳಿಗೆ ರೋಗ ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ, ಎಲೆಗಳು ಹಸನಾಗಿದ್ದದ್ದು ಅದಕ್ಕೆ, ಅಷ್ಟೇ.

ಮೇಡಂ ಹಳೆಯ ದಾಖಲೆ ಪುಸ್ತಕ ತೆಗೆದು ನಲವತ್ತೊಂದರ ಜೋಡಣೆ ದಾಖಲಾದ ಸಾಲು ಹುಡುಕಿದರು. ಆ ಸಾಲಿನ ಕೊನೆಯಲ್ಲಿ ಮೇಸ್ತ್ರಿಯ ವಕ್ರವಕ್ರ ಸಹಿ ಇತ್ತು. ಸಂಜೆ ನನ್ನನ್ನೂ ಕರೆದುಕೊಂಡು, ಕೆಲಸ ಬಿಟ್ಟು ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದ ಮೇಸ್ತ್ರಿಯನ್ನು ನೋಡಲು ಹೊರಟರು. ಕಣ್ಣಿನ ಪೊರೆ ತೆಗೆಸಿಕೊಂಡು ದಪ್ಪ ಕನ್ನಡಕ ಹಾಕಿದ್ದ ಮೇಸ್ತ್ರಿ ಬಾಗಿಲಲ್ಲೇ, "ಏನಮ್ಮಾ, ನಮ್ಮ ನಲವತ್ತೊಂದು ಬಿಡುಗಡೆ ಯಾವತ್ತು?" ಎಂದು ಕೇಳಿದರು. ಇವರು ಕುಳಿತುಕೊಂಡು, ಸುತ್ತಿಬಳಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮೇಸ್ತ್ರಿ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಒರೆಸಿದರು.

"ಅವತ್ತು ಮೊಗ್ಗು ಬೆಳ್ಳಗೆ ಕಾಣ್ತಿತ್ತಮ್ಮಾ, ಅಷ್ಟೆ. ಬಾಯಿ ಬಿಟ್ಟಿದ್ಯೋ ಮುಚ್ಚಿದ್ಯೋ ಗೊತ್ತಾಗ್ಲಿಲ್ಲ. ಗೊತ್ತಾಗ್ತಿಲ್ಲ ಅಂತ ನಿಮಗೆ ಹೇಳೋಕೆ ನಾಚಿಕೆ ಆಯ್ತು."

"ಆ ವರ್ಷ ನೀವು ಚೀಟೀನ ಮೂಗಿಗೆ ತಾಗಿಸಿ ಓದ್ತಿದ್ರಿ. ನಾನು ನೋಡಿದ್ದೆ" ಎಂದರು ಮೇಡಂ. "ಕೇಳೋಕೆ ನನಗೂ ನಾಚಿಕೆ ಆಯ್ತು."

"ನನ್ನ ಹೆಸರೇ ಬರೀರಿ. ನಾನೇನು ಇನ್ನು ಕೆಲಸಕ್ಕೆ ಅರ್ಜಿ ಹಾಕ್ಬೇಕಾ?"

"ನಿಮ್ಮದು ಕಣ್ಣಿನ ತೊಂದರೆ. ಕಣ್ಣಿದ್ದೂ ಸುಮ್ಮನಿದ್ದೋಳು ನಾನು."

ಮೇಸ್ತ್ರಿಯ ಮಗಳು ತಂದಿಟ್ಟ ಕಾಫಿ ಮೂರು ಲೋಟಗಳಲ್ಲೂ ಆರಿಹೋಯಿತು.

ವಿಷಯ ತಿಳಿಸಲು ಏಳು ದೇಶಗಳವರ ಸಭೆ ಕರೆದಿದ್ದರು. ಅದರ ಹಿಂದಿನ ದಿನ ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಒಂದು ವಾಕ್ಯ ಸಿದ್ಧಪಡಿಸಿದೆ: 'ಕೆಲವು ತಾಂತ್ರಿಕ ಕಾರಣಗಳಿಂದ ಬಿಡುಗಡೆಯನ್ನು ಮುಂದೂಡಲಾಗಿದೆ.' ಸುಳ್ಳಿಲ್ಲ, ಯಾರ ಮೇಲೂ ಬೆರಳಿಲ್ಲ, ಹೊಸ ಸಂಯೋಜಕರು ಬಂದ ಮೇಲೆ ನಿಧಾನವಾಗಿ ವಿಷಯ ಹೊರಬಂದರಾಯಿತು. ಮೇಡಂ ಓದಿ ಕಾಗದವನ್ನು ನನ್ನ ಕೈಗೇ ಕೊಟ್ಟರು.

"ಬೆಳೆಗಾರ ಗಿಡ ನೆಟ್ಟು ನಾಲ್ಕೈದು ವರ್ಷ ಕಾಯ್ತಾನೆ ಕಣಪ್ಪಾ. ಇವತ್ತು ಮುಂದೂಡಿದ್ದನ್ನ ನಾಳೆ ಇನ್ಯಾರೋ ಬಿಡುಗಡೆ ಮಾಡ್ತಾರೆ. ಆಮೇಲೆ ಎಲೆ ಉದುರಿ ಬರೀ ಕಡ್ಡಿ ನಿಂತರೆ ನಿನ್ನ ತಾಂತ್ರಿಕ ಕಾರಣ ತಗೊಂಡು ಅವನು ಏನು ಮಾಡ್ಬೇಕು?"

"ನಿವೃತ್ತಿಗೆ ಇನ್ನು ಮೂರೇ ತಿಂಗಳು ಮೇಡಂ! ನಿಮ್ಮ ಹೆಸರಿಡೋಕೆ ಹೊರಟಿದ್ದಾರೆ!" ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ.

"ಗೊತ್ತು. ಆಸೆ ಇರಲಿಲ್ಲ ಅಂದ್ಕೊಂಡ್ಯಾ?" ಎಂದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಆಮೇಲೆ, "ಬರ್ಕೋ" ಎಂದು ತಾವೇ ಹೇಳಿ ಬರೆಸಿದರು: 'ನಲವತ್ತೊಂದು ಸಂಕರ ತಳಿಯಲ್ಲ, ತುಕ್ಕನ್ನು ತಡೆಯಲಾರದು. ಕೇಸರ ತೆಗೆಯುವ ಕೆಲಸ ತಡವಾಗಿ ನಡೆದಿದೆ. ಆ ಕೆಲಸಕ್ಕೆ ಬೇಕಾದ ದೃಷ್ಟಿ ಕೆಲಸಗಾರರಿಗೆ ಉಳಿದಿಲ್ಲವೆಂದು ತಿಳಿದೂ ಸಂಯೋಜಕಿ ಸುಮ್ಮನಿದ್ದರು. ತಪ್ಪು ಸಂಯೋಜಕಿಯದು.'

ಮರುದಿನ ಪರದೆಯ ಮೇಲೆ ಆರು ಚೌಕಗಳಲ್ಲಿ ಆರು ಮುಖಗಳು ಅದನ್ನು ಕೇಳಿದವು. ಮೊದಲು ಮಾತಾಡಿದ ಉದ್ದ ಪ್ರೊಫೆಸರ್, ತಮ್ಮಲ್ಲಿ ಬೆಳೆಸಿದ ಹದಿನೇಳನೆಯ ಸಂಖ್ಯೆಯ ಸಂಕರದ ಬಗ್ಗೆ ಎರಡು ವರ್ಷದಿಂದ ತಮಗೂ ಅನುಮಾನವಿದೆ, ಹೇಳಲು ಬಾಯಿ ಬಂದಿರಲಿಲ್ಲ ಎಂದರು. ವಾರದೊಳಗೆ ಇನ್ನಿಬ್ಬರಿಂದ ಅಂಥವೇ ಪತ್ರಗಳು ಬಂದವು. ಎಲ್ಲರೂ ದೊಡ್ಡ ಮನಸ್ಸು ಮಾಡಿದರೆಂದಲ್ಲ; ಒಂದು ವಿಶ್ವವಿದ್ಯಾಲಯ ಒಂದೇ ಸಾಲಿನ ಪತ್ರ ಬರೆದು ಯೋಜನೆಯಿಂದ ಹೊರಹೋಯಿತು, ನಮ್ಮ ವಿಭಾಗದವರೇ ಕೆಲವರು ಮೇಡಂ ಎದುರು ಬಂದರೆ ದಾರಿ ಬದಲಿಸತೊಡಗಿದರು. ನಲವತ್ತೊಂದನ್ನು ಏಳು ತೋಟಗಳಲ್ಲೂ ಕಿತ್ತರು. ನಮ್ಮ ತೋಟದ ಮೊದಲ ಗಿಡಕ್ಕೆ ಮೇಡಂ ತಾವೇ ಗುದ್ದಲಿ ಹಾಕಿದರು.

ನಿವೃತ್ತಿಗೆ ಹದಿನೈದು ದಿನವಿರುವಾಗ ತೋಟ ಮೊಗ್ಗು ಕಟ್ಟಿತು. ಅದೇ ತಾಯಿ, ಅದೇ ತಂದೆ, ಜೋಡಣೆ ಮತ್ತೆ ಮೊದಲಿನಿಂದ. ಅವರೇ ಕೂತು ಮಾಡುತ್ತಾರೆಂದು ನಾವೆಲ್ಲ ಸಾಲಾಗಿ ನಿಂತು ನೋಡುತ್ತಿದ್ದೆವು. ಇಡೀ ತೋಟದಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಮೇಡಂ ಗಿಡದ ಮುಂದೆ ಕುಳಿತು, ಕೊಂಬೆಯನ್ನು ಬಾಗಿಸಿ, ಮೊಗ್ಗನ್ನು ಹತ್ತಿರಕ್ಕೆ ತಂದು ನೋಡಿದರು, ಇನ್ನೂ ಸ್ವಲ್ಪ ಹತ್ತಿರಕ್ಕೆ ತಂದು ನೋಡಿದರು. ಆಮೇಲೆ ಎದ್ದು ಚಿಮಟವನ್ನು ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿಯ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ, "ನನಗೆ ಸರಿಯಾಗಿ ಕಾಣ್ತಿಲ್ಲ. ನೀನು ಮಾಡಮ್ಮಾ" ಎಂದರು.

ಮೇಡಂ ನಿವೃತ್ತರಾಗಿ ಹೋಗಿ ಮೂರು ವರ್ಷವಾಯಿತು. ಆ ಸಂಕರ ಈಗ ಉಳಿದ ಆರು ದೇಶಗಳಲ್ಲಿ ಪರೀಕ್ಷೆಯಲ್ಲಿದೆ. ಗೆದ್ದರೆ ಇನ್ನಾರದೋ ಹೆಸರು ಪಡೆಯುತ್ತದೆ, ಪಡೆಯಲಿ. ಇಂಥವರ ನೆನಪಿಗೆ ಕಲ್ಲು ನಿಲ್ಲಿಸುವುದು ಕಷ್ಟ. ಮಾಡಿದ ಒಳಿತನ್ನಾದರೆ ಬೆರಳು ತೋರಿಸಿ ಹೇಳಬಹುದು, ಆಗದಂತೆ ತಡೆದ ಕೇಡನ್ನು ಎಲ್ಲಿಂದ ತಂದು ತೋರಿಸುವುದು? ತಮ್ಮ ಸೋಲಿಗೆ ತಾವೇ ಸಹಿ ಹಾಕಿ, ಹೊಸದಾಗಿ ಶುರುಮಾಡಿ, ಚಿಮಟವನ್ನು ಇನ್ನೊಬ್ಬರ ಕೈಗಿತ್ತು ಹೊರಟುಹೋಗುವ ಈ ಜನ ಎಲ್ಲ ಕಾಲದಲ್ಲೂ, ಎಲ್ಲ ಕಸುಬಿನಲ್ಲೂ ಬೆರಳೆಣಿಕೆಯಷ್ಟು ಇರುತ್ತಾರೆ. ಎಲ್ಲೋ ಒಂದು ಇಳಿಜಾರಿನಲ್ಲಿ ಯಾವನೋ ಬೆಳೆಗಾರ ಇವತ್ತು ಹಸಿರು ತೋಟದ ನಡುವೆ ನಿಂತು ಹಣ್ಣು ಕೊಯ್ಯುತ್ತಿದ್ದಾನೆ. ಹನ್ನೆರಡು ವರ್ಷ ದುಡಿದ ಒಬ್ಬ ಹೆಂಗಸು ಒಂದು ಬೆಳಿಗ್ಗೆ 'ತಪ್ಪು ನನ್ನದು' ಎಂದದ್ದರಿಂದ ನಲವತ್ತೊಂದು ತನ್ನ ಮಣ್ಣಿಗೆ ಬರದೆ ತೋಟ ಉಳಿಯಿತೆಂದು ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.