ಇವಳಿಗೆ ಬೇರೆ ಇದೆ
ಬೆಣ್ಣೆ ಕರಗುತ್ತಿದೆ, ಬೆರಳ ತುದಿಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ — ಅವಳು ಹಿಟ್ಟನ್ನು ಬಿಟ್ಟು ಕೈಗಳನ್ನು ನಲ್ಲಿಯ ಕೆಳಗೆ ಹಿಡಿದಳು, ತಣ್ಣೀರು ಮಣಿಕಟ್ಟಿನವರೆಗೆ, ಹಾಂ, ಇಷ್ಟು ಸಾಕು, ಹೊಲಿಗೆಯವಳ ಕೈ ಯಾವಾಗಲೂ ಬಿಸಿ, ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿಯುವ ಕೈ ಇನ್ನು ಹೇಗಿರುತ್ತದೆ, ಹಿಟ್ಟೂ ಬಟ್ಟೆಯೇ ತಾನೆ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಮಡಚು, ತಿರುಗಿಸು, ಲಟ್ಟಿಸು, ಮತ್ತೆ ಮಡಚು, ನೆರಿಗೆ ಕೂರಿಸಿ ಕೂರಿಸಿ ಕೈ ಪಳಗಿದವಳಿಗೆ ಇದನ್ನು ಯಾರು ಹೇಳಿಕೊಡಬೇಕು, ಪದರ ಬಿಚ್ಚಿಕೊಂಡು ಉಬ್ಬುವುದು ಬೆಣ್ಣೆಯಿಂದ, ಮೊಟ್ಟೆಗೆ ಇಲ್ಲಿ ಏನು ಕೆಲಸ, ಬೇಕರಿಯವನು ಮಾತ್ರ ಮೊಟ್ಟೆ ಇಲ್ದೆ ಪಫ್ ಆಗೋದೇ ಇಲ್ಲ ಮೇಡಂ ಅಂದಿದ್ದ, ನಿನಗಾಗಲ್ಲ ಅನ್ನು ಮಹರಾಯ, ಆಗೋದೇ ಇಲ್ಲ ಅನ್ನಬೇಡ. ಮೊದಲ ಸಲ ಒಡೆದುಕೊಂಡಿದ್ದು ನಿಜ, ಸೇಬಿನ ಹೂರಣವೆಲ್ಲ ಹೊರಗೆ ಹರಿದು ಕರಕಲು, ಗಂಡ ಅದನ್ನೇ ಕೆರೆದು ಕೆರೆದು ತಿಂದ, ಚೆನ್ನಾಗಿದೆ ಕಣೆ, ಬೂಟಿನ ಅಟ್ಟೆಗೆ ಸಕ್ಕರೆ ಹಾಕಿದ ಹಾಗಿದೆ, ಅವನದ್ದೇನು, ತಪ್ಪು ಅವಳಿಗೆ ಆಗಲೇ ಗೊತ್ತಾಗಿತ್ತು, ಹೊಲಿಗೆಗೆ ಅಂಚೇ ಬಿಟ್ಟಿರಲಿಲ್ಲ, ದಪ್ಪಗಾದವರು ಹಳೇ ಅಂಗಿಯೊಳಗೆ ತೂರಿಕೊಂಡ ಹಾಗೆ, ಬಿರಿಯದೆ ಇರುತ್ತದೆಯೇ, ಈ ಸಲ ಸುತ್ತ ಬೆರಳಗಲ ಬಿಟ್ಟಿದ್ದಾಳೆ, ಹೂರಣವಿಟ್ಟು ಮಡಚಿ, ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರವನ್ನು, ಹೊಚ್ಚ ಹೊಸದು, ಬಿಸಿನೀರಲ್ಲಿ ತೊಳೆದದ್ದು, ಅಂಚಿನ ಮೇಲೆ ಉರುಳಿಸುತ್ತಿದ್ದಾಳೆ, ಟಿಕಿಟಿಕಿ, ಚುಕ್ಕಿಗಳ ಸಾಲು — ಚುಕ್ಕಿ, ಮಗಳಿಗೆ ಆ ಹೆಸರು ಕೆನ್ನೆಯ ಮಚ್ಚೆಯಿಂದ, ಆವತ್ತು ಮಚ್ಚೆಯೇ ಕಾಣದ ಹಾಗೆ ಮುಖ ಊದಿಕೊಂಡಿತ್ತಲ್ಲ, ಒಂದೇ ಒಂದು ತುತ್ತು ಕೇಕು, ಉಸಿರೆಳೆದರೆ ಸೀಟಿ, ಡಾಕ್ಟರು ಕನ್ನಡಕ ತೆಗೆದು, ಮೊಟ್ಟೆ ಇವಳ ಹತ್ತಿರಾನೂ ಸುಳೀಬಾರದು, ನೆನಪಿರ್ಲಿ — ಅಲ್ಲಿಂದ ಶುರುವಾಯಿತು ಆ ಮಾತು, ಯಾರ ಮನೆಗೆ ಹೋಗಲಿ, ಇವಳಿಗೆ ಬೇರೆ ಇದೆ, ಪಾಪ, ಇವಳಿಗೆ ಬೇರೆ ತೆಗೆದಿಟ್ಟಿದೀವಿ, ಪ್ರೀತಿಯಿಂದಲೇ ಅನ್ನುತ್ತಾರೆ, ಬೇರೆ ಅಂದರೆ ಬಿಸ್ಕತ್ತು, ಎಲ್ಲರ ಮನೆಯಲ್ಲೂ ಅದೇ ಬಿಸ್ಕತ್ತು, ಮಕ್ಕಳೆಲ್ಲ ತಟ್ಟೆಗೆ ಮುಗಿಬೀಳುವಾಗ ಚುಕ್ಕಿಯ ಕೈ ತಾನಾಗಿ ಮೇಲೇಳುತ್ತದೆ, ಗಾಳಿಯಲ್ಲೇ ನಿಲ್ಲುತ್ತದೆ, ಅಮ್ಮ ಬೇಡವೆಂದು ತಲೆಯಾಡಿಸಿದ ಮೇಲೆ ಹಿಂದಕ್ಕೆ ಸರಿಯುತ್ತದೆ, ಆ ಕೈ — ಬೇಡ, ಈಗ ಅದು ಬೇಡ, ಓವನ್ ಕಾದಿದೆ, ಚುಕ್ಕಿಯ ಹುಟ್ಟುಹಬ್ಬಕ್ಕೆ ಬಂದವರ ಗದ್ದಲ ನಡುಮನೆಯಲ್ಲಿ, ಇವತ್ತು ಬೇರೆ ಎನ್ನುವುದೇ ಇಲ್ಲ, ಎಲ್ಲರಿಗೂ ಒಂದೇ ತಟ್ಟೆ.

ಅಯ್ಯೋ, ಎಷ್ಟು ಬಿಳಿಚಿಕೊಂಡಿವೆಯೇ ಇವು, ಜ್ವರ ಬಂದೆದ್ದವರ ಹಾಗೆ — ಓರಗಿತ್ತಿ ಒಳಗೆ ಬಂದಳು, ಗಂಡನ ಅಣ್ಣನ ಹೆಂಡತಿ, ಬಾಯಿ ಜೋರು, ಮನಸ್ಸು ಹೂವು, ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಏನೋ ಹಳದಿ, ಜೊತೆಗೊಂದು ಕುಂಚ, ತಡಿ ತಡಿ, ಒಂಚೂರು ಸವರಿಬಿಡ್ತೀನಿ, ಫಳಫಳ ಹೊಳೆಯತ್ತೆ ನೋಡು, ಏನಕ್ಕಾ ಅದು, ಮೊಟ್ಟೆ ಕಣೆ, ಮನೆಯಿಂದಲೇ ಕಲಸಿ ತಂದೆ, ಮೊಟ್ಟೇನಾ, ಅಯ್ಯೋ ಒಳಗೆಲ್ಲಿ ಹಾಕ್ತೀನಿ, ಬರೀ ಮೇಲೆ ತಾನೆ — ಕುಂಚ ಅದ್ದಿಯಾಗಿದೆ, ತುದಿಯಲ್ಲಿ ಹನಿ, ಉದ್ದವಾಗುತ್ತಿದೆ, ಅವಳು ತಟ್ಟೆಯನ್ನು ಎಳೆದುಕೊಂಡಳು, ಹನಿ ಕಟ್ಟೆಯ ಮೇಲೆ ಬಿತ್ತು, ದನಿ ಏರಲಿಲ್ಲ, ಅಳತೆ ತಪ್ಪಾಗಿದೆ ಎಂದು ಕಿರುಚುವವರನ್ನು ದಿನವೂ ಸಂಭಾಳಿಸುವ ದನಿ, ಅಕ್ಕಾ, ಮೇಲೆ ಸವರಿದ್ದೂ ಹೊಟ್ಟೆಗೇ ಹೋಗೋದು, ಅದನ್ನ ಆಚೆ ಇಟ್ಟು ಕೈ ತೊಳ್ಕೊಂಡು ಬನ್ನಿ, ಸೋಪು ಹಾಕಿ, ಓರಗಿತ್ತಿ ಬಟ್ಟಲು ನೋಡಿದಳು, ಅವಳನ್ನು ನೋಡಿದಳು, ಈಗ ಬಿಳಿಚಿಕೊಳ್ಳುವ ಸರದಿ ಓರಗಿತ್ತಿಯದು, ದೇವರೇ, ಹೊಳೀಲಿ ಹೊಳೀಲಿ ಅಂತ ತಂದೆ, ನನ್ನ ತಲೆಗೇ ಹೊಳೀಲಿಲ್ವಲ್ಲೇ — ಪಾಪ, ಕಣ್ಣಲ್ಲಿ ನೀರು, ಆಮೇಲೆ ಸಮಾಧಾನ ಮಾಡೋಣ, ಈಗ ಕಟ್ಟೆ ಉಜ್ಜು, ಒರೆಸಿದ ಬಟ್ಟೆಯನ್ನು ಎಸೆ, ಕೈ ತೊಳೆ, ಇನ್ನೊಮ್ಮೆ ತೊಳೆ, ಹಾಲಿಗೆ ಸಕ್ಕರೆ ಕದಡಿ ತನ್ನದೇ ಕುಂಚದಿಂದ ಸವರಿದಳು, ಓವನ್ನಿನ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು, ಏಳುತ್ತಿವೆ, ಪದರ ಪದರ ಏಳುತ್ತಿವೆ, ಒಂದು ಅಂಚೂ ಬಿರಿದಿಲ್ಲ, ಹೊಂಬಣ್ಣ, ಭೇಷ್ ಕಣೆ ಹೊಲಿಗೆಯವಳೇ, ಬೆಣ್ಣೆಯ ಘಮ ನಡುಮನೆಗೆ ಮೊದಲೇ ಹೋಗಿರಬೇಕು, ಗದ್ದಲ ನಿಂತಿದೆ, ತಟ್ಟೆಯನ್ನು ನಡುಮೇಜಿನ ಮೇಲೆ ಇಟ್ಟಳು, ಅತ್ತೆ ಅಭ್ಯಾಸಬಲದಿಂದ, ಚುಕ್ಕಿಗೆ ಬೇರೆ ಇದೆ ಅಲ್ವೇನಮ್ಮಾ, ಇಲ್ಲ ಅತ್ತೆ, ಬೇರೆ ಇಲ್ಲ, ಇದೇ, ತಗೋ ಪುಟ್ಟಾ, ಮೊದಲು ನೀನು, ಕೈ ಮೇಲೆದ್ದಿತು, ತಟ್ಟೆಯ ಮೇಲೆ ಬಂತು, ನಿಂತಿತು, ಗಾಳಿಯಲ್ಲಿ, ಅಯ್ಯೋ, ನಿಂತೇ ಇದೆಯಲ್ಲ, ಅವಳು ಹೂಂ ಎಂದು ತಲೆಯಾಡಿಸಿದಳು, ತಗೋ ಕಂದಾ, ಎಲ್ಲಾನೂ ತಿನ್ನಬಹುದು, ಇಳಿಯಲೊಲ್ಲದು, ಹೆದರಿದಳೇ, ನಂಬಿಕೆ ಬರಲಿಲ್ಲವೇ, ಇಷ್ಟು ದಿನ ಬೇಡ ಬೇಡ ಎಂದು ತಲೆಯಾಡಿಸಿ ಆ ಕೈಗೆ ತಟ್ಟೆಗಿಳಿಯುವುದನ್ನೇ ಮರೆಸಿಬಿಟ್ಟೆನೇ — ಇರಮ್ಮಾ, ಆತುರ ಮಾಡ್ಬೇಡ, ಯಾವ್ದು ದೊಡ್ಡದು ಅಂತ ನೋಡ್ತಿದೀನಿ — ಆ ಕೈ, ಗಾಳಿಯಲ್ಲಿ, ಈ ತುದಿಯಿಂದ ಆ ತುದಿಗೆ, ಒಂದರ ಮೇಲೆ ನಿಂತು, ಊಹೂಂ, ಪಕ್ಕದ್ದಕ್ಕೆ, ಮತ್ತೆ ಈ ತುದಿಗೆ, ಆ ಕೈ, ಆರಿಸುತ್ತಿರುವ ಆ ಪುಟ್ಟ ಕೈ